ಯಂತ್ರ ಯಾರಿಗಾಗಿ? ಮೈಸೂರು ನಾಡು ಕೇಳಿದ ಮೂರು ಪ್ರಶ್ನೆಗಳು



1927ನೆಯ ಇಸವಿಯ ಜುಲೈ ತಿಂಗಳು. ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟಕ್ಕೆ ಬಂದಿದ್ದ ಮಹಾತ್ಮ ಗಾಂಧಿಯವರು ಬೆಂಗಳೂರಿನಲ್ಲಿ ತಂಗಿದ್ದರು. ಊರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರನ್ನು ಆಹ್ವಾನಿಸಲಾಯಿತು. ದೇಶದಲ್ಲೇ ಹೆಸರಾದ ಪ್ರಯೋಗಶಾಲೆಗಳು, ವಿದೇಶದಿಂದ ತರಿಸಿದ ಉಪಕರಣಗಳು, ನಾನಾ ಪ್ರಾಂತಗಳಿಂದ ಬಂದ ಬುದ್ಧಿವಂತ ವಿದ್ಯಾರ್ಥಿಗಳು ಅಲ್ಲಿದ್ದರು. ಗಾಂಧೀಜಿ ಎಲ್ಲವನ್ನೂ ನೋಡಿದರು. ಬಳಿಕ ಮಾತನಾಡುತ್ತ, ನೀವು ಕಂಡುಹಿಡಿಯುವ ಸಂಗತಿಗಳ ಗುರಿ ಬಡವರ ಹಿತ ಆಗದಿದ್ದರೆ ಈ ಕಾರ್ಯಾಗಾರಗಳು ಸೈತಾನನ ಕಾರ್ಯಾಗಾರಗಳಿಗಿಂತ ಮೇಲಲ್ಲ ಎಂಬ ಅರ್ಥದ ಮಾತನ್ನು ಹೇಳಿದರು.

ಅತಿಥಿಯೊಬ್ಬರು ಆಡಲು ಇದು ಕಟುವಾದ ಮಾತೇ ಸರಿ. ಆದರೆ ಆ ಮಾತಿನ ಒಳಗಿದ್ದ ಪ್ರಶ್ನೆ ಗಾಂಧೀಜಿ ಒಬ್ಬರದೇ ಆಗಿರಲಿಲ್ಲ. ಒಂದು ನಾಡು ಯಂತ್ರಗಳನ್ನೂ ವಿಜ್ಞಾನವನ್ನೂ ತನ್ನದಾಗಿಸಿಕೊಳ್ಳಲು ಹೊರಟಾಗ ಮೂರು ಪ್ರಶ್ನೆಗಳು ಎದುರಾಗುತ್ತವೆ. ಯಂತ್ರ ಯಾರಿಗಾಗಿ? ಅದರ ವಿದ್ಯೆ ಯಾರ ಕೈಯಲ್ಲಿ? ಆ ವಿದ್ಯೆಯ ಬಾಗಿಲು ಯಾರಿಗೆ ತೆರೆದಿದೆ? ಇವು ಕೇವಲ ಅರ್ಥಶಾಸ್ತ್ರದ ಪ್ರಶ್ನೆಗಳಲ್ಲ. ಒಳ್ಳೆಯ ಬಾಳು ಎಂದರೇನು, ನ್ಯಾಯ ಎಂದರೇನು, ಸ್ವಾತಂತ್ರ್ಯ ಎಂದರೇನು ಎಂದು ಕೇಳುವ ತತ್ತ್ವಶಾಸ್ತ್ರಕ್ಕೂ ಇವು ಸೇರಿದವು. ಈ ಮೂರು ಪ್ರಶ್ನೆಗಳು ನಮ್ಮ ನಾಡಿನ ಚರಿತ್ರೆಯಲ್ಲಿ ಹೇಗೆ ಹುಟ್ಟಿದವು, ಯಾರು ಯಾವ ಉತ್ತರ ಕೊಟ್ಟರು ಎಂಬುದನ್ನು ಈಗ ನೋಡೋಣ.

ಜಲಪಾತದಿಂದ ಬಂದ ಬೆಳಕು

ಕಥೆಯನ್ನು ಶಿವನಸಮುದ್ರದಿಂದ ಆರಂಭಿಸುವುದು ವಾಡಿಕೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆ ಸಿದ್ಧವಾಯಿತು. ಆಗ ವಿದ್ಯುತ್ತು ಪಾಶ್ಚಾತ್ಯ ದೇಶಗಳಿಗೇ ಹೊಸತು. ಯಂತ್ರಗಳು ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದವು. 1902ರಲ್ಲಿ ಕೇಂದ್ರ ಕೆಲಸ ಆರಂಭಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿತು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಗೆ ಬೆನ್ನೆಲುಬಾಗಿದ್ದ ಶೇಷಾದ್ರಿ ಅಯ್ಯರ್ ಅವರು ಅದನ್ನು ನೋಡಲು ಉಳಿಯಲಿಲ್ಲ; 1901ರಲ್ಲೇ ತೀರಿಕೊಂಡರು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು.

ನಾವು ಹೆಮ್ಮೆಯಿಂದ ನೆನೆಯುವ ಸಂಗತಿ ಇದು. ಹೆಮ್ಮೆಯ ಜೊತೆಗೆ ಒಂದು ವಿಷಯವನ್ನು ಗಮನಿಸಬೇಕು. ವಿದ್ಯುತ್ತಿನ ಮೊದಲ ಗಿರಾಕಿ ಯಾರು? ಬ್ರಿಟಿಷ್ ಕಂಪನಿಗಳು ನಡೆಸುತ್ತಿದ್ದ ಚಿನ್ನದ ಗಣಿ. ಎರಡನೆಯವರು ನಗರದ ಜನ. ವಿದ್ಯುತ್ ತಂತಿಗಳು ಹಾದುಹೋದ ದಾರಿಯ ಹಳ್ಳಿಗಳಲ್ಲಿ ಇನ್ನೂ ದಶಕಗಳ ಕಾಲ ಎಣ್ಣೆಯ ದೀಪವೇ ಗತಿಯಾಗಿತ್ತು. ಇದರಲ್ಲಿ ಸಂಸ್ಥಾನದ ಲೆಕ್ಕಾಚಾರ ತಪ್ಪಲ್ಲ. ಗಣಿ ಕೊಡುವ ಹಣ ಇಲ್ಲದಿದ್ದರೆ ಯೋಜನೆಯೇ ನಿಲ್ಲುತ್ತಿರಲಿಲ್ಲ. ಆದರೂ 'ಯಂತ್ರ ಯಾರಿಗಾಗಿ?' ಎಂಬ ಪ್ರಶ್ನೆ ಆ ತಂತಿಗಳ ಕೆಳಗೇ ಹುಟ್ಟಿತು ಎನ್ನಬಹುದು.

ವಿಜ್ಞಾನ ಸಂಸ್ಥೆಯ ಕಥೆಯೂ ಅದೇ ಕಾಲದ್ದು. 1893ರಲ್ಲಿ ಜಪಾನಿನಿಂದ ಕೆನಡಾಕ್ಕೆ ಹೊರಟ ಹಡಗಿನಲ್ಲಿ ಉದ್ಯಮಿ ಜಮ್‌ಷೆಟ್‌ಜಿ ಟಾಟಾ ಮತ್ತು ಸ್ವಾಮಿ ವಿವೇಕಾನಂದರು ಸಹಪ್ರಯಾಣಿಕರಾಗಿದ್ದರು. ಐದು ವರ್ಷಗಳ ನಂತರ, 1898ರಲ್ಲಿ, ಟಾಟಾ ಅವರು ತಮ್ಮ ಸಂಶೋಧನಾ ಸಂಸ್ಥೆಯ ಯೋಜನೆಗೆ ಬೆಂಬಲ ಕೋರಿ ಸ್ವಾಮೀಜಿಗೆ ಪತ್ರ ಬರೆದರು. ಯೋಜನೆ ಅವರ ಜೀವಿತದಲ್ಲಿ ಕೈಗೂಡಲಿಲ್ಲ. 1904ರಲ್ಲಿ ಅವರು ನಿಧನರಾದರು. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸುಮಾರು 371 ಎಕರೆ ಭೂಮಿ ಕೊಟ್ಟು, ಹಣದ ನೆರವನ್ನೂ ನೀಡಿದ ಮೇಲೆ 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಒಬ್ಬ ವರ್ತಕನ ಹಣ, ಒಂದು ರಾಜಮನೆತನದ ಭೂಮಿ, ವಿದೇಶಿ ಪ್ರಾಧ್ಯಾಪಕರ ವಿದ್ಯೆ, ಬ್ರಿಟಿಷ್ ಸರ್ಕಾರದ ಒಪ್ಪಿಗೆ — ಇಷ್ಟೂ ಕೂಡಿದ ಮೇಲೆ ಹುಟ್ಟಿದ್ದು ಒಂದು ಸಂಸ್ಥೆ.

ಗಂಧದ ಮರ ಕಲಿಸಿದ ಪಾಠ

ಹೊಸ ವಿದ್ಯೆ ಒಂದು ನಾಡಿನಲ್ಲಿ ಹೇಗೆ ಬೇರು ಬಿಡುತ್ತದೆ? ಇದಕ್ಕೆ ನಮ್ಮ ಶ್ರೀಗಂಧಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಗಂಧದ ಮರ ಮೈಸೂರಿನಲ್ಲಿ ಸರ್ಕಾರದ ಸೊತ್ತಾಗಿತ್ತು. ಕಾಡಿನಿಂದ ಬಂದ ಕೊರಡುಗಳನ್ನು ಸಂಸ್ಥಾನ ಹರಾಜು ಹಾಕುತ್ತಿತ್ತು. ಕೊಂಡವರು ಅದನ್ನು ಹಡಗಿನಲ್ಲಿ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಸಾಗಿಸುತ್ತಿದ್ದರು. ಎಣ್ಣೆ ತೆಗೆಯುತ್ತಿದ್ದುದು ಅಲ್ಲಿ. ಮರ ನಮ್ಮದು, ಎಣ್ಣೆ ಅವರದು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನಿ ಶತ್ರುದೇಶವಾಯಿತು, ವ್ಯಾಪಾರ ನಿಂತಿತು, ಗಂಧದ ಕೊರಡುಗಳು ಗೋದಾಮಿನಲ್ಲೇ ಉಳಿದವು. ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಪೆಟ್ಟು ಬಿತ್ತು.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದವರು ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರು. ಇವರ ಹಿನ್ನೆಲೆ ತಿಳಿಯತಕ್ಕದ್ದು. ಚಾಟರ್ಟನ್ ಮೊದಲು ಮದರಾಸು ಪ್ರಾಂತದಲ್ಲಿ ಸರ್ಕಾರದ ವತಿಯಿಂದ ಸಣ್ಣ ಕೈಗಾರಿಕೆಗಳನ್ನು ಬೆಳೆಸಲು ಶ್ರಮಿಸಿದ್ದರು. ಸರ್ಕಾರವೇ ಉದ್ಯಮಕ್ಕೆ ಇಳಿಯುವುದು ಅಲ್ಲಿನ ಯೂರೋಪಿಯನ್ ವರ್ತಕರಿಗೆ ಹಿಡಿಸಲಿಲ್ಲ. 1910ರಲ್ಲಿ ಲಂಡನ್ನಿನಲ್ಲಿದ್ದ ಭಾರತ ಮಂತ್ರಿ ಲಾರ್ಡ್ ಮಾರ್ಲೆ ಅವರು, ಉದ್ಯಮ ನಡೆಸುವುದು ಸರ್ಕಾರದ ಕೆಲಸವಲ್ಲ ಎಂದು ಆ ಪ್ರಯತ್ನಕ್ಕೆ ತಡೆ ಹಾಕಿದರು. ಇಲ್ಲಿಯೂ ಒಂದು ತತ್ತ್ವವಿದೆ, ಗಮನಿಸಿ. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕು ಎಂಬುದು ಕೇಳಲು ಸಮವಾದ ನಿಯಮ. ಆದರೆ ಆಳುವ ದೇಶದ ಕಾರ್ಖಾನೆ ಆಗಲೇ ಬೆಳೆದು ನಿಂತಿರುವಾಗ, ಆಳಿಸಿಕೊಳ್ಳುವ ದೇಶದ ಕಾರ್ಖಾನೆ ಇನ್ನೂ ಹುಟ್ಟದಿರುವಾಗ, ಸಮ ನಿಯಮವು ಸಮ ನ್ಯಾಯವಾಗುವುದಿಲ್ಲ. ದೇಶೀಯ ಸಂಸ್ಥಾನವಾದ ಮೈಸೂರಿಗೆ ಸ್ವಲ್ಪ ಹೆಚ್ಚು ಸ್ವಾತಂತ್ರ್ಯವಿತ್ತು. ಮದರಾಸಿನಲ್ಲಿ ತಡೆಯಾದ ಕೆಲಸ ಮೈಸೂರಿನಲ್ಲಿ ಮುಂದುವರಿಯಿತು.

ಗಂಧದೆಣ್ಣೆಯ ಸಮಸ್ಯೆಯನ್ನು ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರಿಗೆ ಒಪ್ಪಿಸಲಾಯಿತು. ಗಂಧದ ಚೇಗನ್ನೂ ಬೇರನ್ನೂ ಪುಡಿ ಮಾಡಿ, ಹಬೆ ಹಾಯಿಸಿ, ಹಬೆಯೊಂದಿಗೆ ಬರುವ ಎಣ್ಣೆಯನ್ನು ತಣಿಸಿ ಬೇರ್ಪಡಿಸುವ ವಿಧಾನ ಹೇಳಲು ಸುಲಭ. ಎಣ್ಣೆ ಪೂರ್ತಿಯಾಗಿ ಬರಬೇಕು, ಪರಿಮಳ ಕೆಡಬಾರದು, ಔಷಧ ತಯಾರಕರು ಒಪ್ಪುವ ಶುದ್ಧತೆ ಇರಬೇಕು ಎಂದಾಗ ಕೆಲಸ ಕಷ್ಟದ್ದಾಗುತ್ತದೆ. ಪ್ರಯೋಗಶಾಲೆಯಲ್ಲಿ ಅದು ಸಾಧ್ಯವಾಯಿತು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಎಣ್ಣೆ ಕೈಯಲ್ಲಿದ್ದ ಮೇಲೆ ಸಾಬೂನು ಏಕಾಗಬಾರದು? ಎಸ್.ಜಿ. ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳುಹಿಸಲಾಯಿತು. 1918ರ ಹೊತ್ತಿಗೆ ಮೈಸೂರಿನ ಗಂಧದ ಸಾಬೂನು ಪೇಟೆಗೆ ಬಂತು. ಇಂದಿಗೂ ನಿಮ್ಮ ಮನೆಯ ಬಚ್ಚಲಿನಲ್ಲಿ ಅದು ಇರಬಹುದು.

ಇದರಿಂದ ನಾವು ಕಲಿಯುವುದೇನು? ಗಂಧದ ಗಿಡಕ್ಕೆ ಒಂದು ವಿಶೇಷ ಗುಣವಿದೆ. ಅದು ಒಂಟಿಯಾಗಿ ಚೆನ್ನಾಗಿ ಬೆಳೆಯದು. ಅದರ ಬೇರುಗಳು ಅಕ್ಕಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ಅಲ್ಲಿಂದ ಆಹಾರದ ಒಂದು ಭಾಗವನ್ನು ಹೀರುತ್ತವೆ. ಆವಿಷ್ಕಾರವೂ ಹಾಗೆಯೇ. ಪ್ರಯೋಗಶಾಲೆ ಒಂದೇ ಇದ್ದರೆ ಲೇಖನಗಳು ಹುಟ್ಟುತ್ತವೆ, ಸಾಬೂನು ಹುಟ್ಟದು. ಕಚ್ಚಾವಸ್ತು ಒಂದೇ ಇದ್ದರೆ ಅದು ಹಡಗು ಹತ್ತಿ ಹೋಗುತ್ತದೆ. ವಸ್ತು, ವಿದ್ಯೆ, ಬಂಡವಾಳ, ತರಬೇತಿ ಪಡೆದ ಕೈಗಳು, ನಷ್ಟ ಸಹಿಸುವ ಧೈರ್ಯ, ಕೊಳ್ಳುವ ಪೇಟೆ — ಇವೆಲ್ಲ ಒಂದರ ಬೇರಿಗೆ ಒಂದು ಅಂಟಿಕೊಂಡಿರಬೇಕು. ತಜ್ಞರು ಇಂದು ಹೊಸತನದ ಪರಿಸರ ಎಂದು ಕರೆಯುವುದು ಇದನ್ನೇ.

ಆದರೆ ಈ ಕಥೆಯಲ್ಲಿ ಒಬ್ಬನನ್ನು ಮರೆಯಲಾಗಿತ್ತು: ರೈತ. ತನ್ನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರಕ್ಕೇ ಸೇರಿದ್ದೆಂದ ಮೇಲೆ ರೈತನಿಗೆ ಅದನ್ನು ಬೆಳೆಸುವ ಆಸೆ ಎಲ್ಲಿಂದ ಬರಬೇಕು? ಮರ ಕಳುವಾದರೆ ತೊಂದರೆ ಅವನಿಗೆ, ಲಾಭ ಮಾತ್ರ ಬೇರೆಯವರಿಗೆ. ಕಾಡಿನ ಗಂಧ ಕಳ್ಳಸಾಗಣೆಗೆ ಬಲಿಯಾಯಿತು, ಹೊಲದ ಗಂಧ ಚಿಗುರಲಿಲ್ಲ. 2001ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಿದ್ದುಪಡಿಯಾಗಿ, ಬೆಳೆದವನಿಗೆ ಮರದ ಹಕ್ಕು ಬಂತು. ಅಷ್ಟರಲ್ಲಿ ಗಂಧದ ನಾಡಿನಲ್ಲೇ ಗಂಧ ಅಪರೂಪವಾಗಿತ್ತು. ಮೂಲದಲ್ಲಿರುವವನಿಗೆ ಪಾಲು ಕೊಡದ ವ್ಯವಸ್ಥೆ, ಮೇಲೆ ಎಷ್ಟು ಚೆನ್ನಾಗಿದ್ದರೂ, ಬುಡದಲ್ಲಿ ಒಣಗುತ್ತದೆ.

ಸರ್ ಎಂ.ವಿ. ಅವರ ನಂಬಿಕೆ

ವಿಶ್ವೇಶ್ವರಯ್ಯನವರನ್ನು ನಾವು ಅಣೆಕಟ್ಟು ಕಟ್ಟಿದ ಎಂಜಿನಿಯರ್ ಎಂದು ನೆನೆಯುತ್ತೇವೆ. ಅವರೊಬ್ಬ ಚಿಂತಕರೂ ಹೌದು. 1898ರಲ್ಲೇ ಅವರು ಜಪಾನಿಗೆ ಹೋಗಿ ಬಂದಿದ್ದರು. ಕೆಲವೇ ದಶಕಗಳ ಹಿಂದೆ ಬಾಗಿಲು ಮುಚ್ಚಿ ಕುಳಿತಿದ್ದ ಏಷ್ಯಾದ ಒಂದು ದೇಶ ಶಿಕ್ಷಣ ಮತ್ತು ಕೈಗಾರಿಕೆಗಳಿಂದ ತಲೆಯೆತ್ತಿ ನಿಂತದ್ದನ್ನು ಕಣ್ಣಾರೆ ಕಂಡರು. ಬಡತನ ವಿಧಿಲಿಖಿತವಲ್ಲ; ಅದು ಅಜ್ಞಾನ, ಅಶಿಸ್ತು ಮತ್ತು ಯೋಜನೆಯಿಲ್ಲದ ದುಡಿಮೆಯ ಫಲ ಎಂಬುದು ಅವರ ನಂಬಿಕೆಯಾಯಿತು. ಕೈಗಾರಿಕೆ ಬೆಳೆಸದ ನಾಡು ಅಳಿದು ಹೋಗುತ್ತದೆ ಎಂಬುದು ಅವರ ಎಚ್ಚರಿಕೆ. 1912ರಿಂದ 1918ರವರೆಗಿನ ಅವರ ದಿವಾನಗಿರಿಯಲ್ಲಿ ಮೈಸೂರು ಬ್ಯಾಂಕು (1913), ಮೈಸೂರು ವಿಶ್ವವಿದ್ಯಾನಿಲಯ (1916) ಸ್ಥಾಪನೆಯಾದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿತ್ತು. 1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕವನ್ನೇ ಬರೆದರು. ಆಗ ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳಿಗೆ ಇನ್ನೂ 17 ವರ್ಷವಿತ್ತು.

ಈ ದಾರಿ ಸುಗಮವಾಗಿರಲಿಲ್ಲ. ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ಕಬ್ಬಿಣ ಕರಗಿಸಲು ಮಲೆನಾಡಿನ ಕಾಡಿನ ಇದ್ದಿಲನ್ನೇ ನೆಚ್ಚಬೇಕಾಯಿತು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಗುವ ಹೊತ್ತಿಗೆ ಯುದ್ಧಕಾಲದ ಬೆಲೆ ಇಳಿದುಹೋಗಿತ್ತು. ಕಾರ್ಖಾನೆ ನಷ್ಟಕ್ಕೆ ಬಿತ್ತು. ಬಡ ಸಂಸ್ಥಾನದ ಹಣ ಬೆಂಕಿಗೆ ಹೋಯಿತೆಂದು ಟೀಕೆ ಬಂತು. ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ಮತ್ತೆ ಬಂದು ಅದರ ಆಡಳಿತ ಹೊತ್ತು ಸರಿದಾರಿಗೆ ತಂದರು. ಕನ್ನಂಬಾಡಿಯ ಕಟ್ಟೆ ಮಂಡ್ಯದ ಬಯಲನ್ನು ಹಸಿರು ಮಾಡಿತು; ಅದೇ ನೀರಿನಲ್ಲಿ ಕನ್ನಂಬಾಡಿ ಎಂಬ ಹಳೆಯ ಊರೂ, ನೆರೆಯ ಊರುಗಳೂ ಮುಳುಗಿದವು. ಅಭಿವೃದ್ಧಿಯ ಖಾತೆಯಲ್ಲಿ ಜಮೆ ಮಾತ್ರ ಬರೆದು ಖರ್ಚನ್ನು ಬರೆಯದಿದ್ದರೆ ಅದು ಚರಿತ್ರೆ ಆಗುವುದಿಲ್ಲ.

ಲಕ್ಷ ರೂಪಾಯಿಯ ಚರಕ

ಇನ್ನು ಗಾಂಧೀಜಿಯ ಕಡೆ ಬರೋಣ. ವಿಜ್ಞಾನ ಸಂಸ್ಥೆ ಸ್ಥಾಪನೆಯಾದ 1909ರಲ್ಲೇ, ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವ ಹಡಗಿನಲ್ಲಿ ಕುಳಿತು ಅವರು 'ಹಿಂದ್ ಸ್ವರಾಜ್' ಬರೆದರು. ಯಂತ್ರನಾಗರಿಕತೆಯ ಮೇಲೆ ಅವರು ಮಾಡಿದ ಕಟುವಾದ ವಿಮರ್ಶೆ ಅದು. ಆದ್ದರಿಂದ ಗಾಂಧಿ ಎಂದರೆ ಯಂತ್ರವಿರೋಧಿ ಎಂದು ನಮ್ಮಲ್ಲಿ ಅನೇಕರು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಈ ಉತ್ತರ ಅರ್ಧ ಸತ್ಯ.

1929ರಲ್ಲಿ, ಗಾಂಧೀಜಿಯ ನೇತೃತ್ವದ ಅಖಿಲ ಭಾರತ ಚರಕ ಸಂಘವು ಒಂದು ಸ್ಪರ್ಧೆಯನ್ನು ಸಾರಿತು. ಉತ್ತಮ ಚರಕವನ್ನು ರಚಿಸಿದವರಿಗೆ 1 ಲಕ್ಷ ರೂಪಾಯಿ ಬಹುಮಾನ. ಅಂದಿನ ಕಾಲಕ್ಕೆ ಅದೊಂದು ಐಶ್ವರ್ಯ. ಷರತ್ತುಗಳು ಕಟ್ಟುನಿಟ್ಟಾಗಿದ್ದವು: ಸಾಧಾರಣ ಗುಡಿಸಲಿನಲ್ಲಿ ಇಟ್ಟು ಕೈಯಿಂದಲೋ ಕಾಲಿನಿಂದಲೋ ನಡೆಸುವಂತಿರಬೇಕು, ಎಂಟು ಗಂಟೆಯಲ್ಲಿ 16,000 ಅಡಿ ನೂಲು ತೆಗೆಯಬೇಕು, ಬೆಲೆ 150 ರೂಪಾಯಿ ಮೀರಬಾರದು, 20 ವರ್ಷ ಬಾಳಿಕೆ ಬರಬೇಕು. ಯೋಚಿಸಿ ನೋಡಿ. ಯಂತ್ರವೇ ಬೇಡವೆನ್ನುವವರು ಇಂಥ ಲೆಕ್ಕದ ಪಟ್ಟಿ ಮಾಡುತ್ತಾರೆಯೇ? ಇದು ಒಬ್ಬ ಎಂಜಿನಿಯರ್ ಬರೆಯುವ ವಿವರಪಟ್ಟಿಯಂತೆಯೇ ಇದೆ. ವ್ಯತ್ಯಾಸ ಒಂದೇ: ಇಲ್ಲಿ ಲೆಕ್ಕ ಆರಂಭವಾಗುವುದು ಯಂತ್ರದ ಶಕ್ತಿಯಿಂದಲ್ಲ, ಬಳಸುವ ಬಡವಳ ಗುಡಿಸಲಿನ ಅಳತೆಯಿಂದ. ಷರತ್ತುಗಳನ್ನೆಲ್ಲ ಪೂರೈಸಿದ ಚರಕ ಬರಲಿಲ್ಲ. ಬಹುಮಾನ ಯಾರಿಗೂ ಸಲ್ಲಲಿಲ್ಲ. ಒಳ್ಳೆಯ ಉದ್ದೇಶವೊಂದೇ ತಂತ್ರಜ್ಞಾನವನ್ನು ಹುಟ್ಟಿಸುವುದಿಲ್ಲ ಎಂಬುದನ್ನೂ ಈ ಘಟನೆ ಹೇಳುತ್ತದೆ.

ಈ ಎರಡು ದಾರಿಗಳ ನಡುವೆ ನಡೆದವರೂ ಇದ್ದರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಬಹುಕಾಲ ಹಿಡಿಯಿತು. ರೈತನ ಭಯವನ್ನು ಮೂಢತನವೆಂದು ಜರೆಯದೆ, ಅವನ ಮಣ್ಣಿಗೆ ತಕ್ಕಂತೆ ನೇಗಿಲನ್ನು ತಿದ್ದಿ ತೋರಿಸಿದ ಮೇಲೆ ಅದು ಗೆದ್ದಿತು.

ಒಂದೇ ಮೇಜಿನ ಸುತ್ತ

1938ರಲ್ಲಿ ಈ ಚಿಂತನೆಗಳು ಒಂದೇ ಮೇಜಿನ ಸುತ್ತ ಸೇರಿದವು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು ರಾಷ್ಟ್ರೀಯ ಯೋಜನಾ ಸಮಿತಿಯನ್ನು ರಚಿಸಿದರು. ಭೌತವಿಜ್ಞಾನಿ ಮೇಘನಾದ ಸಹಾ ಅವರು ಇದರ ಹಿಂದಿನ ಪ್ರೇರಕರಲ್ಲಿ ಒಬ್ಬರು. ಅಧ್ಯಕ್ಷತೆಗೆ ಹಿರಿಯರಾದ ವಿಶ್ವೇಶ್ವರಯ್ಯನವರ ಹೆಸರಿತ್ತು. ಜನಮನದಲ್ಲಿ ನೆಲೆ ಇರುವ ರಾಜಕೀಯ ನಾಯಕರೊಬ್ಬರು ಅಧ್ಯಕ್ಷರಾದರೆ ಮಾತ್ರ ವರದಿಗೆ ಬಲ ಬರುತ್ತದೆ ಎಂದು ಸಹಾ ವಾದಿಸಿದರು. ವಿಶ್ವೇಶ್ವರಯ್ಯನವರು ಹಿಂದೆ ಸರಿದು ಜವಾಹರಲಾಲ್ ನೆಹರೂ ಅವರಿಗೆ ಸ್ಥಾನ ಬಿಟ್ಟರು. ಗ್ರಾಮೋದ್ಯೋಗದ ಪರವಾಗಿ ಬಂದಿದ್ದ ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಅವರಿಗೆ ಭಾರೀ ಕೈಗಾರಿಕೆಯ ಮಾತೇ ಮೇಲಾಗುತ್ತಿರುವುದು ಒಪ್ಪಿಗೆಯಾಗಲಿಲ್ಲ. ಅವರು ಸಮಿತಿಯಿಂದ ಹೊರನಡೆದರು. ನಾವು ಕುಮಾರಪ್ಪನವರನ್ನು ಸೋತವರೆಂದು ಭಾವಿಸಬಾರದು. ಕಲ್ಲಿದ್ದಲು, ಎಣ್ಣೆಯಂಥ ಮುಗಿದುಹೋಗುವ ಸಂಪತ್ತಿನ ಮೇಲೆ ನಿಂತ ಅರ್ಥವ್ಯವಸ್ಥೆ ಬಾಳದು ಎಂದು ಅವರು ಆಗಲೇ ಎಚ್ಚರಿಸಿದ್ದರು. ಹವಾಮಾನದ ಬಿಕ್ಕಟ್ಟಿನ ಈ ಕಾಲದಲ್ಲಿ ಆ ಮಾತು ಮತ್ತೆ ಕೇಳಿಸುತ್ತಿದೆ.

ರೆಕ್ಕೆ ನಮ್ಮದು, ಎಂಜಿನ್ ಯಾರದು?

ಎರಡನೆಯ ಪ್ರಶ್ನೆಗೆ ಬರೋಣ: ವಿದ್ಯೆ ಯಾರ ಕೈಯಲ್ಲಿ? 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಮತ್ತೆ ಅದೇ ಗಂಧದ ಬೇರಿನ ನಂಟು: ಕಾರ್ಖಾನೆಯ ಪಕ್ಕದಲ್ಲಿ ಪಾಠಶಾಲೆ. ಅಲ್ಲಿ ಕಲಿಸಿದ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರಚನೆಯಾದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಸ್ವಾತಂತ್ರ್ಯಾನಂತರ ದೂರವಾಣಿ ಕಾರ್ಖಾನೆ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಬೆಂಗಳೂರಿಗೆ ಬಂದವು. 1958ರಲ್ಲಿ ಸಂಸತ್ತು ವಿಜ್ಞಾನ ನೀತಿಯ ನಿರ್ಣಯವನ್ನು ಕೇಳಿತು.

1961ರಲ್ಲಿ ಬೆಂಗಳೂರಿನ ಆಕಾಶದಲ್ಲಿ 'ಮಾರುತ್' ಎಂಬ ಯುದ್ಧವಿಮಾನ ಹಾರಿತು. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರೊಡನೆ ಭಾರತೀಯ ಎಂಜಿನಿಯರುಗಳು ರಚಿಸಿದ್ದು ಅದು. ವಿಮಾನದ ದೇಹ ಉತ್ತಮವಾಗಿತ್ತು. ಆದರೆ ಅದಕ್ಕೆ ತಕ್ಕ ಎಂಜಿನ್ ದೊರೆಯಲಿಲ್ಲ. ಹೊರದೇಶದ ವಿನ್ಯಾಸದ, ಶಕ್ತಿ ಸಾಲದ ಎಂಜಿನ್ನಿನಲ್ಲೇ ಅದು ಹಾರಿತು; ನಿರೀಕ್ಷಿಸಿದ ವೇಗವನ್ನು ಮುಟ್ಟಲೇ ಇಲ್ಲ. 147 ವಿಮಾನಗಳ ನಂತರ ತಯಾರಿಕೆ ನಿಂತಿತು. 2001ರಲ್ಲಿ ಮೊದಲ ಬಾರಿ ಹಾರಿದ 'ತೇಜಸ್' ವಿಮಾನಕ್ಕೂ ಅಮೆರಿಕದ ಎಂಜಿನ್ನೇ ಬೇಕಾಯಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. 'ಹೇಗೆ ಮಾಡುವುದು' ಎಂಬ ತಿಳಿವಳಿಕೆ ಬೇರೆ, 'ಏಕೆ ಹಾಗೆ ಮಾಡುವುದು' ಎಂಬ ತಿಳಿವಳಿಕೆ ಬೇರೆ. ಮೊದಲನೆಯದನ್ನು ಹಣ ಕೊಟ್ಟು ಕೊಳ್ಳಬಹುದು. ಎರಡನೆಯದನ್ನು ತಪ್ಪು ಮಾಡಿ, ಒಡೆದು, ಮತ್ತೆ ಕಟ್ಟಿ, ವರ್ಷಗಟ್ಟಲೆ ಕಾದು ಗಳಿಸಬೇಕು. ಬಾಹ್ಯಾಕಾಶ ಕ್ಷೇತ್ರದ ಅನುಭವ ಇದನ್ನೇ ಹೇಳುತ್ತದೆ. ಅತಿಶೀತ ಇಂಧನದ ಎಂಜಿನ್ನಿನ ವಿದ್ಯೆಯನ್ನು ರಷ್ಯದಿಂದ ಪಡೆಯುವ ಒಪ್ಪಂದ 1990ರ ದಶಕದ ಆರಂಭದಲ್ಲಿ ಅಮೆರಿಕದ ಒತ್ತಡದಿಂದ ಮೊಟಕಾಯಿತು. ನಮ್ಮದೇ ಎಂಜಿನ್ ಹೊತ್ತ ರಾಕೆಟ್ ಯಶಸ್ವಿಯಾದದ್ದು 2014ರ ಜನವರಿಯಲ್ಲಿ. ಸುಮಾರು ಎರಡು ದಶಕ! ಆದರೆ ಈಗ ಆ ವಿದ್ಯೆಯನ್ನು ಯಾರೂ ಹಿಂದಕ್ಕೆ ಕೇಳಲಾರರು.

ಒಲೆ ಮತ್ತು ದೂರವಾಣಿ

ಗಾಂಧೀಜಿ 1927ರಲ್ಲಿ ಕೇಳಿದ ಪ್ರಶ್ನೆಗೆ ಅದೇ ಅಂಗಳದಿಂದ ಉತ್ತರ ಬರಲು ಸುಮಾರು ಅರ್ಧ ಶತಮಾನ ಹಿಡಿಯಿತು. 1974ರಲ್ಲಿ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಅವರ ಸಂಗಡಿಗರು 'ಅಸ್ತ್ರ' ಎಂಬ ಘಟಕವನ್ನು ಕಟ್ಟಿದರು. ಗ್ರಾಮಗಳಿಗೆ ವಿಜ್ಞಾನವನ್ನು ಅನ್ವಯಿಸುವುದು ಅದರ ಗುರಿ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಕಾರ್ಯಕ್ಷೇತ್ರವಾಯಿತು. ಅವರು ಮೊದಲು ಮಾಡಿದ ಕೆಲಸ ಯಂತ್ರ ಕೊಂಡೊಯ್ಯುವುದಲ್ಲ, ಲೆಕ್ಕ ಹಾಕುವುದು. ಹಳ್ಳಿಯಲ್ಲಿ ಬಳಕೆಯಾಗುವ ಶಕ್ತಿ ಎಲ್ಲಿಂದ ಬರುತ್ತದೆ? ಬಹುಪಾಲು ಸೌದೆಯಿಂದ, ಅದೂ ಅಡುಗೆಗೆ. ಸೌದೆ ಹೊರುವವರು ಹೆಂಗಸರು ಮತ್ತು ಮಕ್ಕಳು. ದೇಶದ ಶಕ್ತಿ ಸಮಸ್ಯೆ ಎಂದರೆ ಪೆಟ್ರೋಲು ಎಂದು ಎಲ್ಲರೂ ಮಾತನಾಡುತ್ತಿದ್ದಾಗ ಇವರು ಕಂಡದ್ದು ಅಡುಗೆಮನೆಯ ಹೊಗೆಯನ್ನು. ಅದರ ಫಲವೇ ಕಡಮೆ ಸೌದೆಯಲ್ಲಿ ಉರಿಯುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸುವ 'ಅಸ್ತ್ರ ಒಲೆ'. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಅವರಿಗೆ ನೆನಪಿರಬಹುದು.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಸಮುದಾಯದ ಗೋಬರ್ ಅನಿಲ ಸ್ಥಾವರ ಕಟ್ಟಿದರು. ಉದ್ದೇಶ ಅಡುಗೆಗೆ ಅನಿಲ ಕೊಡುವುದು. ಎಲ್ಲರ ಮನೆಯ ಅಡುಗೆಗೆ ಸಾಕಾಗುವಷ್ಟು ಸಗಣಿ ದೊರೆಯದೆ ಆ ಪ್ರಯತ್ನ ಸೋತಿತು. ಆಗ ವಿಜ್ಞಾನಿಗಳು ಹಳ್ಳಿಯವರ ಮಾತಿಗೆ ಕಿವಿಗೊಟ್ಟರು. ಅವರಿಗೆ ಮೊದಲು ಬೇಕಿದ್ದುದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ವಿದ್ಯುತ್ ತೆಗೆದು ಕೊಳವೆಬಾವಿಯ ನೀರನ್ನೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಯೋಜನೆ ಗೆದ್ದದ್ದು ಯಂತ್ರ ಬದಲಾದ್ದರಿಂದ ಮಾತ್ರವಲ್ಲ, ಪ್ರಶ್ನೆ ಬದಲಾದ್ದರಿಂದ.

ಇನ್ನೊಂದು ಉದಾಹರಣೆ ಕಿತ್ತೂರಿನದು. 1980ರ ದಶಕದಲ್ಲಿ ಹೊರದೇಶಗಳಿಂದ ಬರುತ್ತಿದ್ದ ದೂರವಾಣಿ ವಿನಿಮಯ ಕೇಂದ್ರಗಳು ದೊಡ್ಡ ನಗರಗಳಿಗೆ ಹೇಳಿಮಾಡಿಸಿದವು. ಅವಕ್ಕೆ ಹವಾನಿಯಂತ್ರಣ ಬೇಕು. ನಮ್ಮ ಹಳ್ಳಿಯಲ್ಲಿ ಧೂಳು, ಬಿಸಿಲು, ಆಗಾಗ ಕೈಕೊಡುವ ಕರೆಂಟು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯ ತರುಣ ಎಂಜಿನಿಯರುಗಳು ಹವಾನಿಯಂತ್ರಣವಿಲ್ಲದೆ ನಡೆಯುವ ಸಣ್ಣ ಗ್ರಾಮೀಣ ಕೇಂದ್ರವನ್ನು ರಚಿಸಿದರು. ಅದರ ಮೊದಲ ಕೇಂದ್ರ ಕೆಲಸ ಆರಂಭಿಸಿದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಮೊಬೈಲ್ ಬರುವ ಮೊದಲು ಊರೂರಿನ ಎಸ್‌ಟಿಡಿ ಬೂತುಗಳ ಹಿಂದೆ ಈ ಕೆಲಸವಿತ್ತು.

ದೂರದರ್ಶನದ ಮಾತನ್ನೂ ಇಲ್ಲಿ ಹೇಳಬೇಕು. ವಿಕ್ರಮ್ ಸಾರಾಭಾಯಿ ಅವರ ಕನಸಿನಂತೆ 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ನಗರಕ್ಕೆ ಬಂದ ಮೇಲೆ ಹಳ್ಳಿಗೆ ಎಂಬ ಹಳೆಯ ಕ್ರಮ ಅಲ್ಲಿ ತಲೆಕೆಳಗಾಯಿತು. ಆದರೆ ವರ್ಷ ಮುಗಿದಾಗ ಎರವಲು ಉಪಗ್ರಹ ಹಿಂದಕ್ಕೆ ಹೋಯಿತು. ಎರಡನೆಯ ಪ್ರಶ್ನೆ ಮತ್ತೆ ಎದುರು ನಿಂತಿತು.

ಬಾಗಿಲು ಯಾರಿಗೆ?

ಮೂರನೆಯ ಪ್ರಶ್ನೆ ಹೆಚ್ಚು ನೋವಿನದು. 1918ರಲ್ಲಿ ಮೈಸೂರು ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ನ್ಯಾಯವಾದ ಪಾಲು ದೊರಕಿಸುವುದು ಅದರ ಉದ್ದೇಶ. ಯೋಗ್ಯತೆಯೊಂದೇ ಅಳತೆಗೋಲಾಗಬೇಕು, ಉಳಿದವರನ್ನು ಶಿಕ್ಷಣದಿಂದ ಮೇಲೆತ್ತಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಈ ಭಿನ್ನಾಭಿಪ್ರಾಯ ಅವರ ರಾಜೀನಾಮೆಗೆ ಮುಖ್ಯ ಕಾರಣವಾಯಿತು. ದೊಡ್ಡವರ ನಡುವಿನ ಈ ಭೇದವನ್ನು ನಾವು ಗೌರವದಿಂದಲೇ ಪರಿಶೀಲಿಸಬೇಕು. ಆದರೆ ಒಂದು ಮಾತು ನಿಜ: ತಲೆಮಾರುಗಳಿಂದ ಶಾಲೆಯ ಮೆಟ್ಟಿಲು ಹತ್ತದವರ ಯೋಗ್ಯತೆಯನ್ನು ಯಾವ ಕೋಲಿನಿಂದ ಅಳೆಯುವುದು?

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ನರು ಹೆಣ್ಣೆಂಬ ಕಾರಣಕ್ಕೆ ಮೊದಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಅವರ ಕೆಲಸ ಕಂಡ ಮೇಲೆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಬಳಿಕ ಅವರು ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ನೊಬೆಲ್ ಪಡೆದ ಪ್ರತಿಭೆಗೂ ಕಾಣದ ಒಂದು ಮೂಲೆ ಇರಬಹುದು. ಬಾಗಿಲು ಮುಚ್ಚಿದಾಗ ನಷ್ಟ ಹೊರಗೆ ನಿಂತವರಿಗೆ ಮಾತ್ರವಲ್ಲ. ಒಳಗಿನ ವಿಜ್ಞಾನಕ್ಕೂ ಉಂಟು.

ಕೊನೆಯ ಮಾತು

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ಸೀರೆಯುಟ್ಟ ಮಹಿಳಾ ವಿಜ್ಞಾನಿಗಳನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅರ್ಜಿ ಹಿಡಿದು ಬಾಗಿಲಲ್ಲಿ ನಿಂತ ತರುಣಿಯಿಂದ ಅಲ್ಲಿಯವರೆಗೆ 90 ವರ್ಷ. ಹಾಗೆಂದು ನಾವು ಮೈಮರೆಯುವಂತಿಲ್ಲ. 2020-21ರಲ್ಲಿ ನಮ್ಮ ದೇಶ ಸಂಶೋಧನೆಗೆ ವೆಚ್ಚ ಮಾಡಿದ್ದು ಒಟ್ಟು ದೇಶೀಯ ಉತ್ಪನ್ನದ ಶೇಕಡ 0.64 ಮಾತ್ರ. ದಕ್ಷಿಣ ಕೊರಿಯ ಶೇಕಡ 4ಕ್ಕಿಂತ ಹೆಚ್ಚು ವೆಚ್ಚ ಮಾಡುತ್ತದೆ.

ವಿಶ್ವೇಶ್ವರಯ್ಯನವರು ಸರಿಯೋ, ಗಾಂಧೀಜಿ ಸರಿಯೋ ಎಂದು ಚರ್ಚಾಸ್ಪರ್ಧೆಗಳಲ್ಲಿ ಕೇಳುವುದುಂಟು. ಚರಿತ್ರೆ ಅವರಲ್ಲಿ ಒಬ್ಬರನ್ನು ಆರಿಸಿಕೊಳ್ಳಲಿಲ್ಲ. ಮೊದಲನೆಯವರು ಇಲ್ಲದಿದ್ದರೆ ಗಂಧದ ಎಣ್ಣೆ ಜರ್ಮನಿಯಲ್ಲೇ ಉಳಿಯುತ್ತಿತ್ತು. ಎರಡನೆಯವರು ಇಲ್ಲದಿದ್ದರೆ ಉಂಗ್ರದ ಅಡುಗೆಮನೆಯ ಹೊಗೆ ಯಾವ ವಿಜ್ಞಾನಿಯ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಶಕ್ತಿ ಇಲ್ಲದ ಕರುಣೆ ಬಹುಮಾನ ಸಲ್ಲದ ಚರಕದಂತೆ ನಿಂತುಬಿಡುತ್ತದೆ; ಕರುಣೆ ಇಲ್ಲದ ಶಕ್ತಿ ಹಳ್ಳಿಗಳ ತಲೆಯ ಮೇಲೆ ಹಾದುಹೋಗುವ ತಂತಿಯಾಗುತ್ತದೆ.

ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುವಿರಿ, ಕೆಲವರು ಅಧಿಕಾರಿಗಳು, ಕೆಲವರು ಕೃಷಿಕರು, ಶಿಕ್ಷಕರು. ಹೊಸ ಯಂತ್ರವೊಂದು ನಿಮ್ಮ ಮುಂದೆ ಬಂದಾಗ ಅದರ ವೇಗವನ್ನೂ ಬೆಲೆಯನ್ನೂ ಕೇಳಿ. ಜೊತೆಗೆ ಈ ಮೂರು ಪ್ರಶ್ನೆಗಳನ್ನೂ ಕೇಳಿ. ಯಂತ್ರ ಯಾರಿಗಾಗಿ, ವಿದ್ಯೆ ಯಾರ ಕೈಯಲ್ಲಿ, ಬಾಗಿಲು ಯಾರಿಗೆ ತೆರೆದಿದೆ? ಕೇಳುವ ಧೈರ್ಯವೂ ಒಂದು ವಿದ್ಯೆಯೇ.

ತರಗತಿಯಲ್ಲಿ ಚರ್ಚಿಸಲು

1. ಮದರಾಸಿನಲ್ಲಿ ತಡೆಯಾದ ಕೈಗಾರಿಕಾ ಪ್ರಯತ್ನ ಮೈಸೂರಿನಲ್ಲಿ ಮುಂದುವರಿಯಲು ಕಾರಣಗಳೇನು?
2. 1929ರ ಚರಕ ಸ್ಪರ್ಧೆಯ ಷರತ್ತುಗಳಿಂದ ಗಾಂಧೀಜಿಯ ಯಂತ್ರಚಿಂತನೆಯನ್ನು ಹೇಗೆ ಅರ್ಥೈಸುವಿರಿ?
3. ನಿಮ್ಮ ಊರಿಗೆ ವಿದ್ಯುತ್ತು, ದೂರವಾಣಿ ಮತ್ತು ಟಿವಿ ಯಾವ ವರ್ಷ ಬಂದವು? ಮೊದಲು ಯಾರ ಮನೆಗೆ, ಕೊನೆಗೆ ಯಾರ ಮನೆಗೆ? ಹಿರಿಯರನ್ನು ಕೇಳಿ ಬರೆಯಿರಿ.
4. ನಿಮ್ಮ ಜಿಲ್ಲೆಯ ಒಂದು ಕಚ್ಚಾವಸ್ತುವನ್ನು ಆರಿಸಿಕೊಂಡು, ಅದು ಸಿದ್ಧವಸ್ತುವಾಗುವುದು ಎಲ್ಲಿ, ಲಾಭದ ಪಾಲು ಯಾರಿಗೆ ಎಂಬುದನ್ನು ಪತ್ತೆ ಮಾಡಿರಿ.